ಸಿಸ್‌ಲಾಗ್ ಯಾರ ಹಾದಿ ಕಾಯ್ತದೆ?

ನಮ್ಮೂರು ಹುಡಗಿಯಲ್ಲಿ ನೆಟ್ ನಿಂತರೆ ಹತ್ತು ನಿಮಿಷದೊಳಗೆ ಊರಿಗೆಲ್ಲ ಸುದ್ದಿ. ಹುಡುಗರು ಮನೆಬಿಟ್ಟು ಕಟ್ಟೆ ಹಿಡಿಯುತ್ತಾರೆ, ಸೀರಿಯಲ್ ಅರ್ಧಕ್ಕೆ ನಿಂತವರು ಗ್ವಾಡಿ ಮೇಲಿಂದ ಇಣುಕುತ್ತಾರೆ, ಕೇಬಲ್ ಹುಡುಗನ ಫೋನು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಅದೇ ಹುಡುಗನ ಕೋಣೆಯಲ್ಲಿ ಲಾಗ್ ಬರೆದಿಡುವ ಸರ್ವರ್ ನಿಂತರೆ? ಒಬ್ಬರೂ ಕೇಳುವುದಿಲ್ಲ. ಯಾಕೆ ಕೇಳಬೇಕು ಹೇಳಿ. ಲಾಗು ಬೇಕಾಗುವುದು ಪೊಲೀಸರು ಬಂದಾಗ, ಇಲ್ಲವೇ ಏನಾದರೂ ಕೆಟ್ಟಾಗ. ಎಲ್ಲ ಸರಿ ಇದ್ದಾಗ ಅದನ್ನು ಓದುವವರು ಯಾರಿದ್ದಾರೆ?

ಬಾಜು ಮನೆಯ ಹುಡುಗನದೇ ಒಂದು ಕೇಬಲ್ ನೆಟ್ ಇದೆ. ದೊಡ್ಡ ಕಂಪನಿಯೊಂದರ ಕೆಳಗೆ ಫ್ರಾಂಚೈಸಿ, ಹುಡಗಿಯೂ ಸುತ್ತಲ ನಾಲ್ಕಾರು ಹಳ್ಳಿಗಳೂ ಇವನ ಪಾಲಿಗೆ. ನಾನು ಹೈದರಾಬಾದಿನಲ್ಲಿ ಸರ್ವರುಗಳ ಚಾಕರಿ ಮಾಡಿ ಊರಿಗೆ ಬಂದವನೆಂಬುದು ಅವನಿಗೆ ಯಾರು ಹೇಳಿದರೋ, ಅವತ್ತಿನಿಂದ ನಮ್ಮಿಬ್ಬರ ನಡುವಿನ ಗ್ವಾಡಿಯೇ ಅವನ ಹೆಲ್ಪ್‌ಡೆಸ್ಕ್. ನಾನು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿರುತ್ತೇನೆ, ಆ ಕಡೆಯಿಂದ ತಲೆಯೊಂದು ಏಳುತ್ತದೆ.

“ಕಾಕಾ, ಸರ್ವರ್ ಪಿಂಗ್ ಆಗ್ತದ, ಲಾಗಿನ್ ಆಗವಲ್ದು.”

ಪಿಂಗ್ ಆಗುತ್ತದೆ, ಲಾಗಿನ್ ಆಗುವುದಿಲ್ಲ. ಈ ಒಂದು ವಾಕ್ಯ ಕೇಳಿದರೆ ಸಾಕು, ಹಳೇ ಸಿಸ್ಟಮ್ ಅಡ್ಮಿನ್‌ಗಳ ಕಿವಿ ನಿಮಿರುತ್ತದೆ. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅದು ಯಾರನ್ನೂ ಕೇಳುವುದಿಲ್ಲ. ಆದರೆ ಲಾಗಿನ್ ಆಗಬೇಕಾದರೆ ಎಸ್‌ಎಸ್‌ಎಚ್ ಮಹಾಶಯ ಮೊದಲು ‘ಇಂಥವರು ಬಂದರು’ ಅಂತ ಲಾಗಿನಲ್ಲಿ ಒಂದು ಸಾಲು ಬರೆಸಬೇಕು. ಬರೆಯುವವನು ಕೈ ಕಟ್ಟಿ ಕೂತಿದ್ದರೆ ಇವನೂ ಬಾಗಿಲಲ್ಲೇ ನಿಲ್ಲುತ್ತಾನೆ. ಪಾಸ್‌ವರ್ಡ್ ಕೊಟ್ಟಿರಿ, ಎಂಟರ್ ಒತ್ತಿದಿರಿ, ಕರ್ಸರ್ ಮಿಣಮಿಣ ಅನ್ನುತ್ತದೆ, ಅಷ್ಟೇ. ಎಸ್‌ಯು ಕೊಟ್ಟರೆ ಅದೂ ನಿಂತಿತು. ಸುಡೋ ನಿಂತಿತು. ಕ್ರಾನ್ ಕೆಲಸಗಳು ಒಂದರ ಹಿಂದೊಂದು ಸಾಲು ಹಿಡಿದವು. ಲಾಗ್ ಬರೆಯದಿದ್ದರೆ ಏನು ಮಹಾ ಹೋಯಿತು ಅಂದುಕೊಳ್ಳುತ್ತೇವಲ್ಲ, ಮಜಾ ಇರುವುದೇ ಅಲ್ಲಿ.

ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರ್ ಟ್ರಾಲಿಗಳ ಸಾಲು ನೋಡಿದ್ದೀರಲ್ಲ? ಮೈಲಿಗಟ್ಟಲೆ. ಡ್ರೈವರುಗಳು ಟ್ರಾಲಿ ಕೆಳಗೇ ಹಾಸಿಗೆ ಹಾಸಿ, ಮೂರು ಕಲ್ಲು ಇಟ್ಟು ರೊಟ್ಟಿ ಸುಟ್ಟುಕೊಂಡು, ರೇಡಿಯೋ ಹಚ್ಚಿ ಸಂಸಾರವನ್ನೇ ಹೂಡಿರುತ್ತಾರೆ. ಎಲ್ಲರ ಬೈಗುಳವೂ ಕಾಟಾದಲ್ಲಿ ಕೂತು ತೂಕ ಬರೆದುಕೊಳ್ಳುವವನಿಗೆ. ಅವನೋ ಪಾಪ, ಒಳಗಿನ ಅಂಗಳ ತುಂಬಿದೆ, ಖಾಲಿಯಾಗುವವರೆಗೆ ಗಾಡಿ ಬಿಡಬೇಡ ಅಂತ ಫೋನು ಬಂದಿರುತ್ತದೆ. ಚೀಟಿ ಕೈಯಲ್ಲಿ ಹಿಡಿದು ಒಳಗಿನವರ ಹಾದಿ ಕಾಯುತ್ತಿರುತ್ತಾನೆ. ಲಾಗ್ ಬರೆದುಕೊಳ್ಳುವ ತಂತ್ರಾಂಶ ಸಿಸ್‌ಲಾಗಿನ ಕಥೆಯೂ ಅಷ್ಟೇ. ಲಿನಕ್ಸಿನಲ್ಲಿ ‘ಡೆವ್ ಲಾಗ್’ ಅಂತ ಒಂದು ಸಾಕೆಟ್ ಇದೆ, ಎಲ್ಲ ಪ್ರೋಗ್ರಾಮುಗಳೂ ತಂದು ಹಾಕುವುದು ಅಲ್ಲಿಗೇ. ಆ ಸಾಲು ಎಷ್ಟು ಉದ್ದ ಇರಬಹುದು ಅಂತೀರಿ? ಕರ್ನಲ್ ಮೊದಲಿಂದ ಇಟ್ಟ ಮಿತಿ ಬರೀ 10. ಹತ್ತೇ ಹತ್ತು ಸಂದೇಶ! ಈಗಿನ ಸಿಸ್ಟಮ್‌ಡಿ ಬಂದು ಅದನ್ನು 512 ಮಾಡಿಕೊಂಡಿದೆ, ಆ ಮಾತು ಬೇರೆ. ಸಾಲು ತುಂಬಿತೆಂದರೆ ಹನ್ನೊಂದನೆಯವನು ಸುಮ್ಮನೆ ನಿಲ್ಲಬೇಕು.

ಹುಡುಗ ಅಷ್ಟರಲ್ಲಿ ತನ್ನ ಔಷಧಿ ತೆಗೆದಿದ್ದ. “ಬಂದ್ ಮಾಡಿ ಚಾಲೂ ಮಾಡ್ಲೇನ್ರಿ ಕಾಕಾ?” ಸ್ವಿಚ್ಚಿಗೆ ಕೈ ಹೋಗುವುದರೊಳಗೆ ನಾನು ಕೂಗಿದ್ದು ನಾಲ್ಕು ಮನೆಗೆ ಕೇಳಿರಬೇಕು. ಬಂದ್ ಮಾಡಿ ಚಾಲೂ ಮಾಡಿದರೆ ಓಡುತ್ತದೆ, ಅದು ಖರೇ. ಅವನು ಹಿಂದಿನ ವಾರವೆಲ್ಲ ಅದನ್ನೇ ಮಾಡಿದ್ದನಂತೆ. ಸಂಜೆಗೆ ಚಾಲೂ ಮಾಡಿದರೆ ಬೆಳಗಾಗುವಷ್ಟರಲ್ಲಿ ಮತ್ತೆ ಅದೇ ಹಾಡು. ಸಾಲು ತುಂಬುವವರೆಗೆ ನಡೆಯುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಪ್ರತಿ ಸಲ ಬಂದ್ ಮಾಡಿದಾಗಲೂ ಅದು ಯಾರ ಹಾದಿ ಕಾಯುತ್ತಿತ್ತು ಅನ್ನುವ ಪುರಾವೆ ಕರೆಂಟಿನ ಜೊತೆಗೇ ಹೋಗಿಬಿಡುತ್ತದೆ ನೋಡಿ. ಕಾಯಿಲೆಯವನಿಗೇ ಕೇಳೋಣವೆಂದರೆ, ಎಲ್ಲರ ಕಾಯಿಲೆ ಬರೆಯುವವನೇ ಇವನು. ತನ್ನದನ್ನು ಬರೆಯಲು ಅವನಿಗೆ ಬೇರೆ ಯಾರಿದ್ದಾರೆ?

ಅವನ ಕೋಣೆಗೆ ಹೋಗಿ ನೋಡಿದರೆ, ಪುಣ್ಯಕ್ಕೆ ಸರ್ವರಿನ ಮಾನಿಟರಿನಲ್ಲಿ ಒಂದು ಟರ್ಮಿನಲ್ ತೆರೆದೇ ಇತ್ತು, ಅದೂ ರೂಟ್ ಆಗಿ. ಯಾರು ಬೇಕಾದರೂ ಬಂದು ಕುಟ್ಟಬಹುದು. ಬೇರೆ ದಿನವಾಗಿದ್ದರೆ ಅದಕ್ಕೆ ಅವನಿಗೆ ಮಂಗಳಾರತಿ ಆಗುತ್ತಿತ್ತು. ಅವತ್ತು ಅದೇ ನಮ್ಮ ಒಂದೇ ಬಾಗಿಲು. ತೆರೆದಿಟ್ಟ ಶೆಲ್ ಯಾವ ಲಾಗನ್ನೂ ಬರೆಸಬೇಕಿಲ್ಲ, ಒಳಗಿದ್ದವರು ಒಳಗೇ ಇರಬಹುದು. ಹುಡುಗನ ಅವ್ವ ಚಹಾ ತಂದಿಟ್ಟರು, ಜೊತೆಗೆ ಸುಸಲಾ. “ಏನ್ ಆಗ್ಯಾದ್ರಿ ಅಣ್ಣಾರ, ನಮ್ ಪೋರ ರಾತ್ರಿಯಿಡೀ ನಿದ್ದಿ ಮಾಡಿಲ್ಲ” ಅಂದರು. ಬರೆಯುವವ ಕೂತುಬಿಟ್ಟಾನ್ರಿ ವೈನಿ ಅಂದೆ. “ಎದ್ದೇಳಸ್ರಿ ಮತ್ತ” ಅಂದರು. ಎಷ್ಟು ಸರಳ ಅಲ್ವಾ?

ಇಂಥ ಕಡೆ ಹಳಬರು ಮೊದಲು ನೋಡುವುದು ಡಿಸ್ಕು. ಡಿಎಫ್ ಅಂತ ಒಂದು ಆಜ್ಞೆ, ಜಾಗ ಎಷ್ಟಿದೆ ಹೇಳುತ್ತದೆ. ಡಿಯು ಅಂತ ಇನ್ನೊಂದು, ಯಾವ ಫೈಲು ಎಷ್ಟು ತಿಂದಿದೆ ಹೇಳುತ್ತದೆ. ಈ ಇಬ್ಬರು ಅಣ್ಣತಮ್ಮಂದಿರು ಒಮ್ಮೊಮ್ಮೆ ಒಬ್ಬರಿಗೊಬ್ಬರು ತಾಳೆಯಾಗದ ಲೆಕ್ಕ ಕೊಡುವುದುಂಟು. ಡಿಎಫ್ ನೂರಕ್ಕೆ ನೂರು ತುಂಬಿದೆ ಅನ್ನುತ್ತದೆ, ಡಿಯು ಎಲ್ಲಿದೆ ತುಂಬಿದ್ದು, ಅರ್ಧವೂ ಇಲ್ಲ ಅನ್ನುತ್ತದೆ. ಇಬ್ಬರೂ ಖರೇ ಹೇಳುತ್ತಾರೆ. ಯಾರೋ ದೊಡ್ಡ ಲಾಗ್ ಫೈಲನ್ನು ಆರ್‌ಎಂ ಕೊಟ್ಟು ಅಳಿಸಿರುತ್ತಾರೆ. ಹೆಸರು ಹೋಯಿತು, ಆದರೆ ಸಿಸ್‌ಲಾಗ್ ಅದನ್ನು ಇನ್ನೂ ಹಿಡಿದುಕೊಂಡೇ ಇದೆ, ಅದರೊಳಗೇ ಬರೆಯುತ್ತಲೂ ಇದೆ! ಕಣ್ಣಿಗೆ ಕಾಣದ ಫೈಲು ಬೆಳೆಯುತ್ತ ಹೋಗುತ್ತದೆ. ಎಲ್‌ಎಸ್‌ಓಎಫ್ ಓಡಿಸಿದರೆ ‘ಡಿಲೀಟೆಡ್’ ಅಂತ ಆವರಣದಲ್ಲಿ ಬರೆದ ಸಾಲು ಸಿಗುತ್ತದೆ. ಲಾಗ್‌ರೊಟೇಟ್ ಎಂಬ ಪುಣ್ಯಾತ್ಮ ಆಗಾಗ ಹಳೆಯ ಫೈಲಿಗೆ ಹೊಸ ಹೆಸರಿಟ್ಟು, ಸಿಸ್‌ಲಾಗಿಗೆ ‘ಹಪ್’ ಸಿಗ್ನಲ್ ಕೊಟ್ಟು, ಎದ್ದೇಳು, ಹೊಸ ಫೈಲು ತೆಗೆ ಅನ್ನುತ್ತಾನೆ. ಆ ಹಪ್ ಮುಟ್ಟದಿದ್ದರೆ ಇವನು ಹಳೆಯದರಲ್ಲೇ ಗೀಚುತ್ತ ಕೂರುತ್ತಾನೆ.

ನಮ್ಮ ಹುಡುಗನ ಡಿಸ್ಕಿನಲ್ಲಿ ಜಾಗ ಇತ್ತು. ಅದಲ್ಲ ರೋಗ.

ಹಾಗಾದರೆ ಡಿಎನ್‌ಎಸ್ ಇರಬಹುದೇ? ಇದು ನನಗೆ ಬಲು ಇಷ್ಟದ ಜಗಳ, ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ. ಬೇರೆ ಮಶೀನಿನಿಂದ ಲಾಗ್ ಬಂದರೆ ಸಿಸ್‌ಲಾಗಿಗೆ ಬರೀ ಐಪಿ ಅಂಕಿ ಬರೆದರೆ ತೃಪ್ತಿಯಿಲ್ಲ, ಹೆಸರು ಬೇಕು. ಹೆಸರು ಕೇಳಲು ಡಿಎನ್‌ಎಸ್ ಸರ್ವರಿಗೆ ಹೋಗುತ್ತದೆ. ಆ ಡಿಎನ್‌ಎಸ್ ಅದೇ ಮಶೀನಿನಲ್ಲಿ ಓಡುತ್ತಿದ್ದರೆ? ಅದಕ್ಕೂ ಲಾಗ್ ಬರೆಸುವುದಿರುತ್ತದೆ, ಅದು ಸಿಸ್‌ಲಾಗಿನ ಬಾಗಿಲಲ್ಲಿ ನಿಂತಿರುತ್ತದೆ. ನನ್ನ ಸಾಲು ಬರೆದುಕೋ, ಆಮೇಲೆ ಹೆಸರು ಹೇಳುತ್ತೇನೆ ಅಂತ ಅದು. ಹೆಸರು ಹೇಳು, ಆಮೇಲೆ ಸಾಲು ಬರೆಯುತ್ತೇನೆ ಅಂತ ಇದು. ಇಬ್ಬರೂ ನಿಂತರು, ಊರೇ ನಿಂತಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ಸಿಸ್‌ಕೆಲಾಗ್‌ಡಿ ಎಂಬ ಹಳೆಯ ತಂತ್ರಾಂಶದ ಕೈಪಿಡಿಯಲ್ಲೇ ಇದಕ್ಕೊಂದು ಪರಿಹಾರ ಕೊಟ್ಟಿದ್ದಾರೆ. ಅಡ್ಡಗೆರೆ ಎಕ್ಸ್ ಅಂತ ಒಂದು ಆಯ್ಕೆ, ಹಾಕಿದರೆ ಹೆಸರು ಕೇಳುವ ಗೊಡವೆ ಇಲ್ಲ. ಐಪಿ ಬರೆದು ಮುಂದೆ ಸಾಗುತ್ತದೆ. ನಾವು ಹುಡುಗನ ಡಬ್ಬಿಯಲ್ಲಿ ನೋಡಿದರೆ ಡಿಎನ್‌ಎಸ್ ಬೇರೆ ಮಶೀನಿನಲ್ಲಿತ್ತು, ಸುಖವಾಗಿ ಉತ್ತರ ಕೊಡುತ್ತಿತ್ತು. ಇದೂ ಅಲ್ಲ.

ಇನ್ನೊಂದು ಹಳೆಯ ಕೀಟಲೆ ಇದೆ, ಈಗಿನ ಹುಡುಗರು ನಂಬುವುದಿಲ್ಲ. ಸಿಸ್‌ಲಾಗ್ ಕೆಲವು ಸಾಲುಗಳನ್ನು ಕನ್ಸೋಲಿನ ಮೇಲೂ ಬರೆಯುತ್ತದೆ. ಯಾರೋ ಕೀಬೋರ್ಡಿನಲ್ಲಿ ಕಂಟ್ರೋಲ್ ಎಸ್ ಒತ್ತಿಬಿಟ್ಟರು ಅನ್ನಿ. ಟರ್ಮಿನಲ್ಲಿಗೆ ಅದು ‘ತಡಿ’ ಅಂದ ಹಾಗೆ. ಪರದೆ ನಿಲ್ಲುತ್ತದೆ, ಪರದೆಗೆ ಬರೆಯಲು ಹೋದ ಸಿಸ್‌ಲಾಗ್ ನಿಲ್ಲುತ್ತದೆ, ಸಿಸ್‌ಲಾಗಿಗೆ ಬರೆಸಲು ಬಂದವರೆಲ್ಲ ನಿಲ್ಲುತ್ತಾರೆ. ಧೂಳು ಒರೆಸಲು ಬಂದವರ ಬಟ್ಟೆ ಎರಡು ಕೀಲಿಯ ಮೇಲೆ ಬಿದ್ದರೂ ಸಾಕು, ದೊಡ್ಡ ಸರ್ವರು ಮಂಕು ಹಿಡಿದಂತಾಗುತ್ತದೆ. ಬಿಡಿಸಲು ಕಂಟ್ರೋಲ್ ಕ್ಯೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇಂಥ ಕಡೆ ಎಷ್ಟು ಎಮ್ಮೆಗಳ ಬೆನ್ನು ಸುಟ್ಟಿರಬಹುದು ಲೆಕ್ಕ ಇಲ್ಲ. ರ್‍ಯಾಮ್ ಬದಲಿಸಿದವರು, ಡಿಸ್ಕ್ ಬದಲಿಸಿದವರು, ಸರ್ವರನ್ನೇ ಬದಲಿಸಿದವರೂ ಇರಬೇಕು.

ಸಿಸ್‌ಲಾಗ್ ಹುಟ್ಟಿದ್ದೂ ಇಷ್ಟೇ ಆಕಸ್ಮಿಕವಾಗಿ. 1980ರ ದಶಕದಲ್ಲಿ ಬರ್ಕ್‌ಲಿಯ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಎಂಬ ಟಪಾಲು ತಂತ್ರಾಂಶ ಬರೆಯುವಾಗ ಅದರ ಜೊತೆಗೆ ಇರಲಿ ಅಂತ ಮಾಡಿಕೊಂಡದ್ದು. ಚಲೋ ಇದೆಯಲ್ಲ ಅಂತ ಮಂದಿ ಎಲ್ಲದಕ್ಕೂ ಬಳಸಿದರು. ನಿಯಮ ಅಂತ ಬರೆದಿಟ್ಟದ್ದು 2001ರಲ್ಲಿ, ಆರ್‌ಎಫ್‌ಸಿ 3164. ಅದೂ ಹೀಗಿರಬೇಕು ಅಂತಲ್ಲ, ಮಂದಿ ಹೀಗೆ ಮಾಡುತ್ತಿದ್ದಾರೆ ಅಂತ ನೋಡಿ ಬರೆದದ್ದು. ಅದರಲ್ಲಿ ಸಂದೇಶ ಬರೆಸುವವರ ಪಟ್ಟಿ ಓದಿದರೆ ನಗು ಬರುತ್ತದೆ. ಲೈನ್ ಪ್ರಿಂಟರಿಗೆ ಒಂದು ಸಂಖ್ಯೆ, ಯುಯುಸಿಪಿಗೆ ಒಂದು ಸಂಖ್ಯೆ. ಯುಯುಸಿಪಿ ನೋಡಿದವರು ಈಗ ಯಾರಿದ್ದಾರೆ? ಆದರೂ ಅದರ ಜಾಗ ಕಾದಿಟ್ಟಿದ್ದಾರೆ. ಹೀಗೆ 24 ಇಲಾಖೆ, ಒಂದೊಂದರಲ್ಲಿ ತೀವ್ರತೆಯ 8 ಮಟ್ಟ. ಇಲಾಖೆಯನ್ನು ಎಂಟರಿಂದ ಗುಣಿಸಿ ಮಟ್ಟ ಕೂಡಿಸಿದರೆ ಪ್ರತಿ ಸಾಲಿನ ಮುಂದಿನ ಅಂಕಿ. 0ಯಿಂದ 191ರವರೆಗೆ, ಅದಕ್ಕಿಂತ ದೊಡ್ಡದು ಬರುವಂತಿಲ್ಲ.

ಬರುವಂತಿಲ್ಲ ಅಂದರೆ ಬರುವುದಿಲ್ಲವೇ? ದಶಕಗಟ್ಟಲೆ ಎಲ್ಲರೂ ಹಾಗೇ ನಂಬಿದ್ದರು. 2014ರಲ್ಲಿ ಗೊತ್ತಾಯಿತು, ಹೊರಗಿನಿಂದ ಯಾರಾದರೂ 191ಕ್ಕಿಂತ ದೊಡ್ಡ ಅಂಕಿ ಹಾಕಿ ಒಂದು ಸಾಲು ಕಳಿಸಿದರೆ ಆರ್‌ಸಿಸ್‌ಲಾಗ್ ಎಂಬ ಈಗಿನ ಸಿಸ್‌ಲಾಗ್, ಇಲ್ಲದ ಇಲಾಖೆಯ ಬಾಗಿಲು ಹುಡುಕಲು ಹೋಗಿ ಮುಗ್ಗರಿಸಿ ಬೀಳುತ್ತದೆ ಅಂತ. ಹಳೆಯ ಸಿಸ್‌ಕೆಲಾಗ್‌ಡಿಗೂ ಅದೇ ಗತಿ. ತಿದ್ದಿದರು. ತಿದ್ದಿದ್ದೂ ಪೂರ್ತಿ ಆಗಿರಲಿಲ್ಲ, ಇನ್ನೂ ಭಾರೀ ಅಂಕಿ ಕೊಟ್ಟರೆ ಮತ್ತೆ ಬೀಳುತ್ತಿತ್ತು, ಮತ್ತೆ ತಿದ್ದಿದರು. ಹ್ಯಾಂಗ್ ಆಗುವುದು ಬೇರೆ, ಕ್ರ್ಯಾಶ್ ಆಗುವುದು ಬೇರೆ ಅಂತ ಹುಡುಗನಿಗೆ ಹೇಳಿದ್ದು ಇದಕ್ಕೇ. ಹ್ಯಾಂಗ್ ಆದವನು ಯಾರದೋ ಹಾದಿ ಕಾಯುತ್ತಿರುತ್ತಾನೆ. ಕ್ರ್ಯಾಶ್ ಆದವನಿಗೆ ಯಾರೋ ಜೀರ್ಣವಾಗದ್ದು ತಿನ್ನಿಸಿರುತ್ತಾರೆ, ಇಲ್ಲವೇ ಮೆಮೊರಿ ಸಾಲದೆ ಕರ್ನಲ್ಲೇ ಕುತ್ತಿಗೆ ಹಿಸುಕಿರುತ್ತದೆ. ಎರಡಕ್ಕೂ ಒಂದೇ ಮಾತ್ರೆ ಕೊಟ್ಟರೆ ಹೇಗೆ?

ಸರ್ವರಿಗೆ ಬರೋಣ. ಪಿಎಸ್ ನೋಡಿದರೆ ಆರ್‌ಸಿಸ್‌ಲಾಗ್ ಜೀವಂತ ಇದೆ. ನೆಟ್‌ಸ್ಟ್ಯಾಟ್ ಹಾಕಿಸಿದೆ. ಅಲ್ಲಿತ್ತು ನೋಡಿ, ಹೈದರಾಬಾದಿನ ಕಡೆಯ ಒಂದು ಐಪಿಗೆ ‘ಸಿನ್ ಸೆಂಟ್’. ಅಂದರೆ ಬಾಗಿಲು ಬಡಿದಿದ್ದೇನೆ, ಆ ಕಡೆಯಿಂದ ಹೂಂ ಇಲ್ಲ ಊಹೂಂ ಇಲ್ಲ. ಎಸ್‌ಟ್ರೇಸ್ ಹಚ್ಚಿ ನೋಡಿದರೂ ಅದೇ, ಕನೆಕ್ಟ್ ಅನ್ನುವ ಕಡೆ ಬಂದು ಕೂತಿದೆ.

“ಯಾರಪ್ಪ ಇದು?”

“ಅದು ಮೇನ್ ಆಫೀಸ್ ಕಾಕಾ. ಅವ್ರೇ ಬಂದು ಹಾಕಿ ಹೋಗ್ಯಾರ. ಇಲ್ಲಿಂದು ಲಾಗ್ ಅಲ್ಲಿಗೂ ಹೋಗ್ಬೇಕಂತ.”

ಕಾನ್ಫಿಗ್ ಫೈಲು ತೆಗೆಸಿದೆ. ಮಶೀನಿನಲ್ಲಿದ್ದದ್ದು ಸೆಂಟ್‌ಓಎಸ್ 6 ಎಂಬ ಹಳೆಯ ಲಿನಕ್ಸ್. ಅದರ ಆಯುಷ್ಯ ಮುಗಿದದ್ದು 2020ರ ನವೆಂಬರಿನಲ್ಲಿ, ಪಾಪ ಇನ್ನೂ ಚಾಕರಿ ಮಾಡುತ್ತಿದೆ. ಆ ಫೈಲಿನ ಕೊನೆಗೆ ಲಾಗನ್ನು ಬೇರೆ ಕಡೆ ಕಳಿಸುವವರಿಗಾಗಿ ಮಾದರಿ ಸಾಲುಗಳನ್ನು ಬರೆದಿಟ್ಟಿರುತ್ತಾರೆ, ಮುಂದೆ ಹ್ಯಾಶ್ ಗುರುತು ಹಾಕಿ. ಆ ಕಡೆ ಸಿಗದಿದ್ದರೆ ಡಿಸ್ಕಿನಲ್ಲಿ ಇಂಥ ಹೆಸರಿನಲ್ಲಿ ಕೂಡಿಡು, 1 ಜಿಬಿಗಿಂತ ಹೆಚ್ಚು ಬೇಡ, ಬಂದ್ ಆಗುವಾಗ ಉಳಿದದ್ದನ್ನು ಉಳಿಸಿಕೋ, ಬೇರೆಯೇ ಸಾಲು ಮಾಡಿಕೋ, ಮತ್ತು ಎಷ್ಟು ಹೊತ್ತಾದರೂ ಬಿಡದೆ ಪ್ರಯತ್ನ ಮಾಡು. ಇವು ಒಂದಕ್ಕೊಂದು ಕೈ ಹಿಡಿದ ಸಾಲುಗಳು. ಅವರ್‍ಯಾರೋ ಬಂದವರು ಮೇಲಿನ ನಾಲ್ಕನ್ನೂ ಹ್ಯಾಶಿನ ಹಿಂದೆಯೇ ಬಿಟ್ಟು, ಕೊನೆಯದೊಂದನ್ನೇ ತೆರೆದು, ಕೆಳಗೆ ತಮ್ಮ ಐಪಿ ಬರೆದು, ಊಟ ಮಾಡಿಕೊಂಡು ಹೋಗಿದ್ದರು. ಬಿಡದೆ ಪ್ರಯತ್ನ ಮಾಡು ಅಂತ ಹೇಳಿಯಾಯಿತು, ಅಲ್ಲಿಯವರೆಗೆ ಉಳಿದದ್ದನ್ನು ಎಲ್ಲಿಡಲಿ ಅಂತ ಹೇಳಲಿಲ್ಲ. ಆಮೇಲೆ ಆ ಕಡೆಯವರು ಸರ್ವರು ಬದಲಿಸಿದರೋ, ಫೈರ್‌ವಾಲ್ ಬಿಗಿ ಮಾಡಿದರೋ, ಬಾಗಿಲು ಮುಚ್ಚಿತು. ಇಲ್ಲಿ ಇವನು ಬಡಿಯುತ್ತ ನಿಂತ. ಅವರು ಉಂಡು ಹೋದದ್ದು ವೈನಿಯ ಕೈಯ ಭಜ್ಜಿ, ಸಜ್ಜೆ ರೊಟ್ಟಿ. ಎಳ್ಳ ಅಮಾವಾಸ್ಯೆಯ ದಿನ ಬಂದಿದ್ದರಂತೆ. ಭಜ್ಜಿ ಹೊಟ್ಟೆಗೆ ಬಿದ್ದ ಮೇಲೆ ಕಾನ್ಫಿಗ್ ಯಾರಿಗೆ ಪೂರ್ತಿ ಕಾಣುತ್ತದೆ ಬಿಡಿ.

ಇದರಲ್ಲಿ ತಮಾಷೆ ಏನೆಂದರೆ ಊರಿನ ನೆಟ್ ಮಾತ್ರ ಗಡದ್ದಾಗಿ ಓಡುತ್ತಲೇ ಇತ್ತು. ಮೈಕ್ರೋಟಿಕ್ ರೌಟರು ತನ್ನ ನ್ಯಾಟ್ ಲಾಗುಗಳನ್ನು ಯುಡಿಪಿಯಲ್ಲಿ, 514ನೇ ಪೋರ್ಟಿಗೆ ಎಸೆಯುತ್ತದೆ. ಯುಡಿಪಿಗೆ ಮುಟ್ಟಿತೋ ಇಲ್ಲವೋ ಎಂಬ ಚಿಂತೆಯಿಲ್ಲ. ಎಸೆಯಿತು, ಮುಂದೆ ಹೋಯಿತು. ಅದಕ್ಕೇ ರೌಟರು ನಿಲ್ಲಲಿಲ್ಲ, ಊರೂ ನಿಲ್ಲಲಿಲ್ಲ. ಆದರೆ ಆ ದಿನಗಳ ಲಾಗು ಗಾಳಿಗೆ ಹೋಯಿತು. ಟಿಸಿಪಿ ಹಾಗಲ್ಲ, ಮುಟ್ಟಿತು ಅಂತ ಹೇಳಿಸಿಕೊಳ್ಳದೆ ಬಿಡುವುದಿಲ್ಲ. ಯಾವುದು ಒಳ್ಳೆಯದು ಅಂತ ಕೇಳಿದರೆ ಏನು ಹೇಳಲಿ? ಯುಡಿಪಿಯಲ್ಲಿ ಲಾಗು ಸಾಯುತ್ತದೆ, ಟಿಸಿಪಿಯಲ್ಲಿ ಮಶೀನು ಸಾಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಆ ಬಿಟ್ಟುಹೋದ ನಾಲ್ಕು ಸಾಲುಗಳಿವೆಯಲ್ಲ, ಅವನ್ನು ತೆರೆಯಬೇಕು. ತೆರೆಸಿದೆ.

“ಹೋದ ಲಾಗಿಗೇನ್ರಿ ಕಾಕಾ? ಯಾರ್ ಕೇಳ್ತಾರ?” ಅಂದ ಹುಡುಗ. ಕೇಳುತ್ತಾರಪ್ಪ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ನಿಮ್ಮ ಸಿಸ್ಟಮ್ಮುಗಳ ಲಾಗನ್ನು ಹಿಂದಿನ 180 ದಿನಗಳಷ್ಟು ದೇಶದೊಳಗೇ ಇಟ್ಟುಕೊಂಡಿರಬೇಕು, ಗಡಿಯಾರವನ್ನು ಎನ್‌ಐಸಿ ಇಲ್ಲವೇ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯಕ್ಕೆ ಹೊಂದಿಸಿರಬೇಕು. ನೆಟ್ ಕೊಡುವವರಿಗಂತೂ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ಷರತ್ತು ತಿದ್ದಿ, ಒಂದು ವರ್ಷ ಇದ್ದದ್ದನ್ನು ಎರಡು ವರ್ಷ ಮಾಡಿದೆ. ಊರಿಗೆಲ್ಲ ಬೆರಳೆಣಿಕೆಯ ಪಬ್ಲಿಕ್ ಐಪಿ. ಇಂಥ ದಿನ ಇಷ್ಟು ಗಂಟೆಗೆ ಈ ಐಪಿಯ ಹಿಂದೆ ಯಾರ ಮನೆಯಿತ್ತು ಅಂತ ಕೇಳಿಕೊಂಡು ಬಂದರೆ, ನ್ಯಾಟ್ ಲಾಗ್ ಇಲ್ಲದವನು ಇಡೀ ಹುಡಗಿಯನ್ನು ತೋರಿಸಬೇಕಾಗುತ್ತದೆ.

ಆಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಉಳಿದ ಲಾಗ್ ತೆಗೆದು ನೋಡಿದರೆ ಪ್ರತಿ ಸಾಲಿನ ಮುಂದೆ ತಿಂಗಳಿದೆ, ತಾರೀಖಿದೆ, ಗಂಟೆ ನಿಮಿಷ ಸೆಕೆಂಡೂ ಇದೆ. ವರ್ಷ ಇಲ್ಲ! ಹಳೆಯ ಸಿಸ್‌ಲಾಗಿನ ಪದ್ಧತಿಯೇ ಹಾಗೆ. ಸೆಕೆಂಡಿನ ಲೆಕ್ಕ ಕೊಡುತ್ತದೆ, ವರ್ಷ ಕೇಳಿದರೆ ಬಾಯಿ ಬಿಡುವುದಿಲ್ಲ. ಎರಡು ವರ್ಷದ ಲಾಗ್ ಇಟ್ಟುಕೊಂಡವನಿಗೆ ಇದು ಯಾವ ಜನವರಿ ಅಂತ ಹೇಗೆ ತಿಳಿಯಬೇಕು ಹೇಳಿ.

ನನಗೆ ತಕ್ಷಣ ನೆನಪಾದದ್ದು ಜಲಸಂಗಿ. ನಮ್ಮ ಹುಮನಾಬಾದ್ ತಾಲೂಕಿನದೇ, ಹೋಗಿಲ್ಲದಿದ್ದರೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು ಶಾಸನ ಬರೆಯುತ್ತಿದ್ದಾಳೆ. ಕೈಯಲ್ಲಿ ಲೇಖನಿ, ಎದುರಿಗೆ ಹಲಗೆ, ಹಲಗೆಯ ಮೇಲೆ ನಿಜವಾಗಿಯೂ ಓದಬಹುದಾದ ಅಕ್ಷರ. ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು. ನಾನು ಶಾಲೆಯಲ್ಲಿದ್ದಾಗ ಮಾಸ್ತರು ಕರೆದುಕೊಂಡು ಹೋಗಿ ಇವಳ ಮುಂದೆ ಸಾಲಾಗಿ ನಿಲ್ಲಿಸಿ, ನೋಡ್ರಲೇ, ಅಕ್ಷರ ಹಿಂಗ ಬರೀಬೇಕು ಅಂದಿದ್ದರು. ನಾವು ನೋಡಿದ್ದು ಅಕ್ಷರವನ್ನಲ್ಲ, ಆಕೆಯ ನಿಲುವನ್ನು. ಹಿಂದಿನ ಸಾಲಿನವನಿಗೆ ಕಾಣಲಿಲ್ಲವೆಂದು ತಳ್ಳಾಟವಾಗಿ ಇಬ್ಬರಿಗೆ ಏಟು ಬಿತ್ತು. ಒಂಬತ್ತು ನೂರು ವರ್ಷದಿಂದ ಬರೆಯುತ್ತಲೇ ಇದ್ದಾಳೆ, ಒಮ್ಮೆಯೂ ಹ್ಯಾಂಗ್ ಆಗಿಲ್ಲ. ಆಗುವುದಾದರೂ ಹೇಗೆ, ರಾಜನನ್ನು ಹೊಗಳುವುದು ಬಿಟ್ಟರೆ ಬೇರೆ ಎಂಟ್ರಿ ಇಲ್ಲವಲ್ಲ!

ಆ ವಿಕ್ರಮಾದಿತ್ಯನ ರಾಜಧಾನಿ ಇಲ್ಲೇ ಕಲ್ಯಾಣ, ಈಗಿನ ಬಸವಕಲ್ಯಾಣ. 1076ರಲ್ಲಿ ಪಟ್ಟಕ್ಕೆ ಬಂದವನು ಶಕವರ್ಷ ಸಾಕು ಅಂತ ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರುಮಾಡಿದ. ಅವನ ಕಾಲದ ದಾನಶಾಸನಗಳನ್ನು ನೋಡಿ, ಯಾವ ವರ್ಷ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ವಾರ, ಗ್ರಹಣವೋ ಸಂಕ್ರಾಂತಿಯೋ, ಎಲ್ಲ ಕೊರೆದಿರುತ್ತಾರೆ. ಕಲ್ಲು ಕೊರೆಯುವ ಕಷ್ಟದಲ್ಲೂ ವರ್ಷ ಬಿಡಲಿಲ್ಲ. ಬರ್ಕ್‌ಲಿಯವರಿಗೆ ನಾಲ್ಕು ಅಂಕಿ ಭಾರವಾಯಿತು ನೋಡಿ. 2009ರಲ್ಲಿ ಬಂದ ಆರ್‌ಎಫ್‌ಸಿ 5424 ವರ್ಷವನ್ನೂ ಸೇರಿಸಿದೆ, ಟೈಮ್ ಝೋನನ್ನೂ ಸೇರಿಸಿದೆ. ಆರ್‌ಸಿಸ್‌ಲಾಗಿಗೂ ಹೊಸ ನಮೂನೆ ಗೊತ್ತು. ಆದರೆ ಹಳೆಯ ಉಪಕರಣಗಳಿಗೆ ತೊಂದರೆಯಾಗಬಾರದೆಂದು ‘ಟ್ರೆಡಿಷನಲ್’ ಅಂತ ಹೇಳುವ ಒಂದು ಸಾಲು ಕಾನ್ಫಿಗಿನಲ್ಲಿ ಕೂತಿರುತ್ತದೆ. ಅದನ್ನು ತೆಗೆಸಿದೆ. ಈಗ ಹುಡುಗನ ಲಾಗಿನಲ್ಲಿ ವರ್ಷ ಬರುತ್ತದೆ. ಸಂವತ್ಸರ ಇನ್ನೂ ಇಲ್ಲ.

ಹೊಸ ಮಶೀನು ತಂದರೆ ಇದೆಲ್ಲ ಹೋಗುತ್ತದೇನ್ರಿ ಅಂತ ಅವನ ಪ್ರಶ್ನೆ. ಕೆಲವು ಹೋಗುತ್ತವೆ. ಈಗಿನ ಲಿನಕ್ಸಿನಲ್ಲಿ ಸಾಕೆಟ್ಟಿನ ಮುಂದೆ ಕೂರುವುದು ಜರ್ನಲ್‌ಡಿ. ಅದಕ್ಕೆ ಕಾವಲಿದೆ. ಮೂರು ನಿಮಿಷ ಸದ್ದಿಲ್ಲದಿದ್ದರೆ ಸಿಸ್ಟಮ್‌ಡಿಯೇ ಕೊಂದು ಹೊಸದಾಗಿ ಎಬ್ಬಿಸುತ್ತದೆ. ಡಿಸ್ಕಿನಲ್ಲಿ ನೂರಕ್ಕೆ ಹತ್ತು ಪಾಲು, ಹೆಚ್ಚೆಂದರೆ 4 ಜಿಬಿ, ಅಷ್ಟರ ಮೇಲೆ ತಿನ್ನುವುದಿಲ್ಲ. ಒಂದೇ ಸೇವೆ ಬಾಯಿ ಮುಚ್ಚದೆ ವದರುತ್ತಿದ್ದರೆ, 30 ಸೆಕೆಂಡಿಗೆ ಇಷ್ಟೇ ಸಾಕು ಅಂತ ಮಿಕ್ಕದ್ದನ್ನು ಬಿಸಾಡುತ್ತದೆ. ಆದರೆ ಅದರ ಫೈಲು ಸಾದಾ ಅಕ್ಷರದ್ದಲ್ಲ. ಕರೆಂಟು ಪಟ್ಟಂತ ಹೋಯಿತು, ಇನ್ವರ್ಟರ್ ಹಿಡಿಯಲಿಲ್ಲ ಅನ್ನಿ, ಮುಂದಿನ ಸಲ ಎದ್ದಾಗ ಹಳೆಯ ಫೈಲು ಕೆಟ್ಟಿದೆ ಅಂತ ಹೇಳಿ ಅದರ ಹೆಸರಿನ ಕೊನೆಗೆ ಒಂದು ಸೊಟ್ಟ ಬಾಲ ಅಂಟಿಸಿ ಪಕ್ಕಕ್ಕಿಟ್ಟು ಹೊಸದನ್ನು ಶುರುಮಾಡುತ್ತದೆ. ನಮ್ಮ ಕಡೆಯ ಸರ್ವರುಗಳಲ್ಲಿ ನೋಡಬೇಕು, ಬಾಲದ ಫೈಲುಗಳದೇ ಸಂತೆ.

ಹಳೆಯ ಸಿಸ್‌ಲಾಗಿನಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ‘ಮಾರ್ಕ್’. ಇಪ್ಪತ್ತು ನಿಮಿಷ ಬರೆಯಲು ಏನೂ ಇರದಿದ್ದರೆ ತನ್ನಷ್ಟಕ್ಕೆ ತಾನೇ ಎರಡು ಗೆರೆಗಳ ನಡುವೆ ಮಾರ್ಕ್ ಅಂತ ಒಂದು ಸಾಲು ಹಾಕಿಕೊಳ್ಳುತ್ತಿತ್ತು. ಯಾರೂ ಏನೂ ಹೇಳಲಿಲ್ಲ, ಆದರೆ ನಾನಿದ್ದೇನೆ ಅಂತ. ಬೆಳಿಗ್ಗೆ ಬಂದು ನೋಡಿದರೆ ಕೊನೆಯ ಮಾರ್ಕ್ ಯಾವಾಗಿನದು ಅಂತ ಸಿಗುತ್ತಿತ್ತು, ಅದಾದ ಇಪ್ಪತ್ತು ನಿಮಿಷದೊಳಗೆ ಜೀವ ಹೋಗಿದೆ ಅಂತ ತಿಳಿಯುತ್ತಿತ್ತು. ಈಗ ಬಹಳ ಕಡೆ ಅದನ್ನು ಮುಚ್ಚಿಯೇ ಕೊಡುತ್ತಾರೆ. ಸುಮ್ಮನೆ ಜಾಗ ಹಾಳು ಅಂತ. ಜಾಗ ಟೆರಾಬೈಟುಗಟ್ಟಲೆ ಬಿದ್ದಿರುವಾಗ ಇಪ್ಪತ್ತು ನಿಮಿಷಕ್ಕೊಂದು ಸಾಲು ಭಾರವೇ? ನನ್ನ ಕೇಳಿದರೆ ಆರ್‌ಸಿಸ್‌ಲಾಗಿನಲ್ಲಿ ಆ ಮಾಡ್ಯೂಲ್ ತೆರೆಯಬೇಕು. ಹುಡುಗನಿಗೆ ತೆರೆಸಿದ್ದೇನೆ.

ಮಶೀನು ಎಚ್ಚರ ತಪ್ಪುವುದು ಹುಡಗಿಯಲ್ಲಷ್ಟೇ ಅಂತ ತಿಳಿಯಬೇಡಿ. 2004ರ ಜನವರಿಯಲ್ಲಿ ಮಂಗಳ ಗ್ರಹದ ಮೇಲೆ ನಾಸಾದ ಸ್ಪಿರಿಟ್ ಗಾಡಿ ಇಳಿದು ಮೂರು ವಾರವೂ ಆಗಿರಲಿಲ್ಲ, ಮಾತು ನಿಲ್ಲಿಸಿತು. ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ಕಿಕ್ಕಿರಿದು, ಎದ್ದಾಗಲೆಲ್ಲ ಅವನ್ನು ಓದಲು ಹೋಗಿ ಮುಗ್ಗರಿಸಿ ಮತ್ತೆ ಮತ್ತೆ ರೀಬೂಟ್ ಆಗುತ್ತಿತ್ತಂತೆ. ಫ್ಲ್ಯಾಶ್ ಮುಟ್ಟದೆ ಏಳು ಅಂತ ಭೂಮಿಯಿಂದ ಆಜ್ಞೆ ಕಳಿಸಿ, ಹಳೆಯ ಫೈಲು ಅಳಿಸಿ ಸರಿ ಮಾಡಿದರು. ಅಲ್ಲಿ ಸ್ವಿಚ್ಚಿಗೆ ಕೈ ಹಾಕಲು ಯಾರೂ ಇರಲಿಲ್ಲ ನೋಡಿ, ಅದಕ್ಕೇ ಕಾರಣ ಹುಡುಕಿದರು ಅಂತ ನನ್ನ ಅನುಮಾನ.

ಹೀಗಾಗಿ ಕೇಬಲ್ ನೆಟ್ ನಡೆಸುವ ತಮ್ಮಂದಿರೇ, ಹುಮನಾಬಾದಿನವರಿರಲಿ ಬಸವಕಲ್ಯಾಣದವರಿರಲಿ, ನಿಮ್ಮ ಲಾಗ್ ಸರ್ವರ್ ಕೂತುಬಿಟ್ಟರೆ ಸ್ವಿಚ್ಚಿಗೆ ಕೈ ಹಾಕುವ ಮೊದಲು ಪಿಎಸ್, ಡಿಎಫ್, ನೆಟ್‌ಸ್ಟ್ಯಾಟ್ ಮೂರನ್ನೂ ಓಡಿಸಿ, ಪರದೆಯ ಫೋಟೋ ಹೊಡೆದುಕೊಳ್ಳಿ. ಲಾಗಿಗೆ ಬೇರೆ ಪಾರ್ಟಿಷನ್ ಕೊಡಿ. ಮೇನ್ ಆಫೀಸಿನವರು ಬಂದು ಕಾನ್ಫಿಗ್ ಮುಟ್ಟಿದರೆ ಅವರು ಹೋಗುವ ಮೊದಲು ಆ ಕಡೆಯ ಸರ್ವರಿನ ವಯರ್ ಕಿತ್ತು, ನಿಮ್ಮ ಮಶೀನಿಗೆ ಲಾಗಿನ್ ಆಗುತ್ತದೋ ಇಲ್ಲವೋ ಅವರ ಎದುರಿಗೇ ನೋಡಿ, ಆಮೇಲೆ ಊಟಕ್ಕೆ ಕರೆಯಿರಿ.